ಮಾವಿನಕುಂಟೆಗೆ ಲೈನ್ ಕ್ಲಿಯರ್

ಮಧುಕರನಿಗೆ ರೈಲೆಂದರೆ ಪ್ರಾಣ ಎಂದು ಸಂಘದವರೆಲ್ಲ ನಂಬಿದ್ದರು. ಅದು ಅರ್ಧ ಟಿಕೆಟ್ಟಿನಷ್ಟು ಮಾತ್ರ ನಿಜ. ಅವನಿಗೆ ರೈಲಿಗಿಂತ ರೈಲಿನ ಸದ್ದು ಇಷ್ಟ. ಏರು ಹತ್ತುವ ಹಳೇ ಉಗಿಬಂಡಿ ‘ತಡವಾಯ್ತು ತಡ್ಕೋ, ತಡವಾಯ್ತು ತಡ್ಕೋ’ ಎಂದು ಏದುಸಿರು ಬಿಡುವುದು, ಗಾರ್ಡಿನ ಪೀಪಿ, ವಡೆ ಮಾರುವವನ ಮೂಗಿನ ರಾಗ, ಎಲ್ಲವೂ ಅವನ ಗಂಟಲಲ್ಲಿ ಸೀಸನ್ ಪಾಸ್ ಮಾಡಿಸಿಕೊಂಡು ಕೂತಿದ್ದವು. ರೇಡಿಯೋ ಜಾಹೀರಾತುಗಳಿಗೆ ದನಿ ಕೊಡುವುದು ಅವನ ಹೊಟ್ಟೆಪಾಡು. ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯೊಂದರ ಜಾಹೀರಾತಿನಲ್ಲಿ ಅತ್ತೆಯೂ ಅವನೇ, ಸೊಸೆಯೂ ಅವನೇ, ಇಬ್ಬರ ನಡುವೆ ಸಿಕ್ಕಿಬಿದ್ದ ಗಂಡನೂ ಅವನೇ.

ಸಂಘಕ್ಕೆ ‘ಹಳಿ ತಪ್ಪಿದವರು’ ಎಂದು ಹೆಸರಿಟ್ಟವನೂ ಅವನೇ. ತಿಂಗಳ ಎರಡನೇ ಭಾನುವಾರ ಬೆನ್ಸನ್ ಟೌನಿನ ಹಳೇ ಬಂಗಲೆಯೊಂದರ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿ, ಐವತ್ತು ವರ್ಷದ ಹಿಂದೆ ಮುಚ್ಚಿಹೋದ ತೊರೆಪಾಳ್ಯ ಲೈನನ್ನು ನೆನೆಯುತ್ತಿದ್ದರು. ಮಾವಿನಕುಂಟೆಯಿಂದ ತೊರೆಪಾಳ್ಯಕ್ಕೆ ಹನ್ನೆರಡು ಮೈಲಿ, ಸಣ್ಣ ಗೇಜು, ನಲವತ್ತು ನಿಮಿಷದ ದಾರಿ. ನೆನೆಯುವವರಲ್ಲಿ ಆ ರೈಲನ್ನು ಹತ್ತಿದವರು ಒಬ್ಬರೂ ಇರಲಿಲ್ಲ. ಕಂಬಿಗಳನ್ನು ಯಾವತ್ತೋ ಕಿತ್ತು ಮಾರಿಯಾಗಿತ್ತು. “ಹಳಿ ಹೋಯ್ತು, ಹಳಿಯೋದು ಉಳೀತು” ಎಂದು ಮಧುಕರ ಪ್ರತಿ ಸಭೆಯಲ್ಲೂ ಹೇಳುತ್ತಿದ್ದ. ಪ್ರತಿ ಸಭೆಯಲ್ಲೂ ಉಮೈರ್ ಒಬ್ಬ ನಗುತ್ತಿರಲಿಲ್ಲ.

ಉಮೈರನದು ಶಿವಾಜಿನಗರದ ಗುಜರಿಯಲ್ಲಿ ಹಳೇ ಸಾಮಾನಿನ ಅಂಗಡಿ. ಅವನಿಗೆ ರೈಲ್ವೆ ನಿಯಮಗಳ ಪುಸ್ತಕ ಬಾಯಿಪಾಠ. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಕೈ ಎತ್ತಿ ತಡೆಯುತ್ತಿದ್ದ.

“ರೂಲ್ಸ್ ಮೇಲೆ ಜೋಕ್ ನಕ್ಕೋ ರೇ.” ಅವನ ದಖನಿಯಲ್ಲಿ ‘ನಕ್ಕೋ’ ಅಂದರೆ ಬೇಡ.

“ನೀನೇ ನಕ್ಕೋ ಅಂದೆ, ನಕ್ಕೆ” ಎಂದು ಮಧುಕರ ಇನ್ನಷ್ಟು ನಗುತ್ತಿದ್ದ.

ಆ ಭಾನುವಾರ ಜಗಲಿಯ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಆಸ್ಪತ್ರೆಯ ಕವರು.

“ನನ್ನ ಹೆಸರು ಭಾಗ್ಯಲಕ್ಷ್ಮಿ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದೀನಿ. ಗರುಡಾಚಾರ್‌ಪಾಳ್ಯದ ಹಿಂದೆ ಮಾವಿನಕುಂಟೆ ನಮ್ಮದು. ನಮ್ಮಪ್ಪ ಅಂಜನಮೂರ್ತಿ ಅಂತ, ಅಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ರು. ಈಗ ಎಂಬತ್ತಮೂರು ಅವರಿಗೆ.”

ಜಗಲಿಯಲ್ಲಿದ್ದವರೆಲ್ಲ ಚಹಾ ಲೋಟ ಕೆಳಗಿಟ್ಟರು. ಆ ಲೈನಿನ ಮನುಷ್ಯನೊಬ್ಬ ಇನ್ನೂ ಬದುಕಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

“ಅಂಜನಮೂರ್ತಿ ಅಲ್ಲ, ಎಂಜಿನ್‌ಮೂರ್ತಿ” ಎಂದ ಮಧುಕರ. ಅವಳು ಅವನ ಕಡೆ ತಿರುಗಿದಳು.

“ಮೊಬೈಲಲ್ಲಿ ಮಿಮಿಕ್ರಿ ಮಾಡೋರು ನೀವೇ ಅಲ್ವಾ? ನಿಮ್ಮ ಹತ್ರಾನೇ ಬಂದಿದ್ದು.”

ಅವಳು ಹೇಳಿದ್ದು ಇಷ್ಟು. ಲೈನ್ ಮುಚ್ಚಿದ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ ಅಪ್ಪ ಮಾವಿನಕುಂಟೆಯಿಂದ ಕೊನೇ ಗಾಡಿಯನ್ನು ಬಿಟ್ಟರು. ಅದು ಮೂರು ಇಪ್ಪತ್ತಕ್ಕೆ ತೊರೆಪಾಳ್ಯ ಮುಟ್ಟಿತು, ಜನ ಇಳಿದು ಮನೆಗೆ ಹೋದರು. ಗಾಡಿ ಬಂತೆಂದು ತೊರೆಪಾಳ್ಯದ ಸ್ಟೇಷನ್ ಮಾಸ್ಟರ್ ಚಲುವಯ್ಯ ಫೋನಿನಲ್ಲಿ ತಿಳಿಸಬೇಕಾಗಿತ್ತು. ಅಷ್ಟರಲ್ಲಿ ಇಲಾಖೆಯವರು ತಂತಿ ಕತ್ತರಿಸಿಬಿಟ್ಟಿದ್ದರು. ಮುಂದೆ ಚಲುವಯ್ಯ ಒಮ್ಮೆ ಮನೆಗೇ ಬಂದು, ಉಪ್ಪಿಟ್ಟು ತಿಂದು, “ಗಾಡಿ ಬಂತು ಮಾರಾಯಾ, ನಾನೇ ಕಣ್ಣಾರೆ ನೋಡಿದೆ” ಅಂದಿದ್ದರಂತೆ. “ಬಾಯಲ್ಲಿ ಹೇಳಿದ್ರೆ ಆಗಲ್ಲ, ಫೋನಲ್ಲಿ ಹೇಳಿ” ಎಂದು ಅಪ್ಪ ನಕ್ಕಿದ್ದರು. ಆಗ ಅದು ತಮಾಷೆ.

“ಎರಡು ವರ್ಷದ ಹಿಂದೆ ಅಮ್ಮ ಹೋದ್ರು. ಅಲ್ಲಿಂದ ಅದು ತಮಾಷೆಯಾಗಿ ಉಳಿದಿಲ್ಲ” ಎಂದಳು ಭಾಗ್ಯಲಕ್ಷ್ಮಿ. “ಗಾಡಿ ಇನ್ನೂ ದಾರೀಲಿದೆ, ನಾನು ಡ್ಯೂಟಿ ಬಿಟ್ಟು ಏಳೋ ಹಾಗಿಲ್ಲ ಅಂತಾರೆ. ಮುಂದಿನ ರೂಮಲ್ಲಿ ಹಳೇ ಫೋನು, ರಿಜಿಸ್ಟರು, ಬಾವುಟ, ಪೀಪಿ ಇಟ್ಕೊಂಡು ಕೂತಿರ್ತಾರೆ, ಹೊಸ್ತಿಲು ದಾಟಲ್ಲ. ಈಗ ಸಕ್ಕರೆ ಕಾಯಿಲೆಗೆ ಹೆಬ್ಬೆರಳು ಕಪ್ಪಾಗಿದೆ. ಬುಧವಾರ ಐದು ಗಂಟೆ ಒಳಗೆ ಅಡ್ಮಿಟ್ ಮಾಡ್ಲೇಬೇಕು ಅಂದಿದಾರೆ ಡಾಕ್ಟ್ರು. ತಡ ಮಾಡಿದ್ರೆ ಕಾಲು ಹೋಗತ್ತೆ, ಇನ್ನೂ ತಡ ಮಾಡಿದ್ರೆ ಅವರೇ. ಎತ್ತಿಕೊಂಡು ಹೋಗೋಕೆ ನೋಡಿದ್ವಿ. ಮೇಜಿನ ಕಾಲು ಹಿಡ್ಕೊಂಡು ಬಿಡಲಿಲ್ಲ, ಉಗುರೆಲ್ಲ ರಕ್ತ ಆಯ್ತು.”

“ಚಲುವಯ್ಯನೋರು ಈಗ?” ಎಂದು ಯಾರೋ ಕೇಳಿದರು.

“ಇಲ್ಲ. ತೀರಿಕೊಂಡು ಹದಿನೆಂಟು ವರ್ಷ.”

ಚಲುವಯ್ಯನವರ ದನಿಯಲ್ಲಿ ಫೋನ್ ಮಾಡಿ ಗಾಡಿ ಬಂತೆನ್ನಬೇಕೆಂದು ಮಧುಕರನಿಗೆ ಅರ್ಥವಾಯಿತು. ಸತ್ತವರ ದನಿ ಮಾಡುವುದು ಅವನಿಗೆ ಹೊಸದಲ್ಲ, ಮುಖ ನೋಡಿರದ ರಾಜಕಾರಣಿಗಳನ್ನೆಲ್ಲ ಎಬ್ಬಿಸಿ ಕೂರಿಸಿದ್ದ. ಉಮೈರ್ ಕಾಲೇಜಿನಲ್ಲಿದ್ದಾಗ ಚಲುವಯ್ಯನವರನ್ನು ಮಾತಾಡಿಸಿ ಟೇಪ್ ಮಾಡಿಕೊಂಡಿದ್ದ ಕ್ಯಾಸೆಟ್ ಅಂಗಡಿಯಲ್ಲೇ ಇತ್ತು. ಎರಡು ಸಂಜೆ ಕೇಳಿದ ಮೇಲೆ ದನಿ ಸಿಕ್ಕಿತು. ನಶ್ಯದಿಂದ ಕಟ್ಟಿಕೊಂಡ ಮೂಗು, ಪ್ರತಿ ಮಾತಿಗೂ ಮುಂಚೆ ಗಂಟಲಾಳದಲ್ಲಿ ಒಂದು ‘ಹ್ಞಂ’, ಕೊನೇ ಅಕ್ಷರವನ್ನು ತಗ್ಗಿಗೆ ಜಾರಿಸುವ ರೀತಿ. ಉಮೈರ್ ಕಣ್ಣು ಮುಚ್ಚಿಕೊಂಡು ಕೇಳಿ, ಕಣ್ಣು ತೆರೆದು, ತುಸು ದೂರ ಸರಿದು ಕೂತ.

“ಇನ್ನು ಸಾಕು. ಬುಧವಾರಕ್ಕೆ ಇರ್ಲಿ” ಎಂದ.

ಬುಧವಾರ ಮಧ್ಯಾಹ್ನ ಎರಡಕ್ಕೆ ಇಬ್ಬರೂ ಮಾವಿನಕುಂಟೆಗೆ ಹೋದರು. ಹೆಸರಲ್ಲಿ ಮಾವು, ಕುಂಟೆ ಎರಡೂ ಇವೆ, ಊರಲ್ಲಿ ಎರಡೂ ಇಲ್ಲ. ಕಾರ್ಖಾನೆಗಳ ಬೆನ್ನಿಗೆ ಒತ್ತಿಕೊಂಡ ಮನೆಗಳ ಸಾಲು. ಉಳಿದ ಬೀದಿಗಳೆಲ್ಲ ನೆಟ್ಟಗೆ ಹೋಗಿ ನೆಟ್ಟಗೆ ತಿರುಗಿದರೆ, ಭಾಗ್ಯಲಕ್ಷ್ಮಿಯ ಮನೆ ಮುಂದಿನ ಬೀದಿ ಮಾತ್ರ ಉದ್ದಕ್ಕೂ ಮೆಲ್ಲಗೆ ಬಾಗುತ್ತಿತ್ತು. ಆ ಬಾಗು ಎತ್ತಿನಗಾಡಿಯದಲ್ಲ, ಕಾರಿನದಲ್ಲ. ಉಮೈರ್ ಸ್ಕೂಟರ್ ನಿಲ್ಲಿಸಿ ಅದನ್ನೇ ನೋಡುತ್ತ ನಿಂತ.

“ಮಗಾ, ರೈಲು ಇಲ್ಲೇ ಹೋಗ್ತಿತ್ತು” ಎಂದ.

ಅವನು ಗುಜರಿಯಲ್ಲಿ ಹುಡುಕಿ ತಂದಿದ್ದ ಹಿಡಿ ತಿರುಗಿಸಿ ಕರೆ ಮಾಡುವ ಎರಡು ಕರೀ ಫೋನುಗಳ ನಡುವೆ ತಂತಿ ಎಳೆದರು. ಒಂದು ಮುಂದಿನ ಕೋಣೆಯಲ್ಲಿ ಮುದುಕರ ಮೇಜಿನ ಮೇಲೆ. ‘ಹಳೇದು ಕೆಟ್ಟಿತ್ತು, ಇಲಾಖೆಯವರು ಬದಲಾಯಿಸಿದಾರೆ’ ಎಂದು ಭಾಗ್ಯಲಕ್ಷ್ಮಿ ಹೇಳಿದಾಗ ಅವರು, “ತಡ ಮಾಡಿದ್ರು” ಎಂದಷ್ಟೇ ಅಂದರು. ಇನ್ನೊಂದು ಹಿಂದಿನ ಅಡುಗೆಮನೆಯಲ್ಲಿ, ಗ್ರೈಂಡರ್ ಪಕ್ಕ. ಅಡುಗೆಮನೆಯ ಕಿಟಕಿಯಾಚೆ ಹತ್ತಡಿ ಓಣಿ, ಓಣಿಯಾಚೆ ಕಾರ್ಖಾನೆಯ ಉದ್ದನೆಯ ಬಿಳೀ ಗೋಡೆ.

“ಇವತ್ತು ಇದೇ ತೊರೆಪಾಳ್ಯ” ಎಂದ ಮಧುಕರ. “ಸ್ಟೇಷನ್ನಿನಲ್ಲಿ ಸಾರು ಕುದೀತಿದೆ.”

ಉಮೈರ್ ಒಂದು ಚೀಟಿ ಕೊಟ್ಟ. “ಇಷ್ಟು ಓದು. ‘ಎರಡು ನಲವತ್ತರ ಗಾಡಿ ಮೂರು ಇಪ್ಪತ್ತಕ್ಕೆ ಪೂರ್ತಿ ಬಂತು.’ ಮುಗೀತು. ಫೋನ್ ಇಡು. ನಿನ್ನ ಬಾಲ ಸೇರಿಸ್ಬೇಡ.”

ಬಾಲ ಸೇರಿಸುವುದು ಮಧುಕರನ ಚಾಳಿ. ಸ್ಟುಡಿಯೋದವರು ಬರೆದುಕೊಟ್ಟ ಯಾವ ಸಾಲನ್ನೂ ಅವನು ಬರೆದಲ್ಲಿಗೆ ನಿಲ್ಲಿಸಿದವನಲ್ಲ.

ಮೂರು ಇಪ್ಪತ್ತಾಯಿತು. ಉಮೈರ್ ಹಿಡಿ ತಿರುಗಿಸಿದ. ಮುಂದಿನ ಕೋಣೆಯಲ್ಲಿ ಗಂಟೆ ಹೊಡೆಯಿತು. ಒಂದೇ ಸಲಕ್ಕೆ ಎತ್ತಿಕೊಂಡರು.

“ಮಾವಿನಕುಂಟೆ” ಎಂದಿತು ಒಂದು ದನಿ. ಎಂಬತ್ತಮೂರರ ಮುದುಕನ ದನಿಯಾಗಿರಲಿಲ್ಲ ಅದು. ಬೆನ್ನು ನೆಟ್ಟಗಿಟ್ಟು ಕೂತವನ ದನಿ.

“ಹ್ಞಂ. ತೊರೆಪಾಳ್ಯ, ಚಲುವಯ್ಯ ಮಾತಾಡ್ತಿರೋದು. ಎರಡು ನಲವತ್ತರ ಗಾಡಿ ಮೂರು ಇಪ್ಪತ್ತಕ್ಕೆ ಪೂರ್ತಿ ಬಂತು.”

ಆ ಕಡೆ ಕಾಗದದ ಮೇಲೆ ಪೆನ್ನು ಓಡುವ ಸದ್ದು. ಐವತ್ತು ವರ್ಷ ತಡೆಹಿಡಿದ ಉಸಿರೊಂದು ತಂತಿಯಲ್ಲಿ ಹರಿದು ಬಂದು ಮಧುಕರನ ಕಿವಿ ಬೆಚ್ಚಗಾಯಿತು. ಅಲ್ಲಿಗೇ ಫೋನ್ ಇಡಬೇಕಿತ್ತು. ಆದರೆ ಅವನಿಗೆ ಮುದುಕರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಇನ್ನೊಂದು ಒಳ್ಳೇ ಮಾತು ಆಡಬೇಕು ಅನ್ನಿಸಿತು. ಮದುವೆ ಕುದುರಿದರೆ, ಸೈಟಿನ ತಕರಾರು ತೀರಿದರೆ, ಟಿ.ವಿ.ಯವರಿಂದ ಹಿಡಿದು ಎಲ್ಲರೂ ಅನ್ನುವ ಮಾತೇ ನಾಲಿಗೆಗೆ ಬಂತು.

“ಇನ್ನೇನಿಲ್ಲ ಅಂಜನಮೂರ್ತಿ, ಲೈನ್ ಕ್ಲಿಯರ್” ಎಂದ.

ಉಮೈರ್ ಅವನ ರಟ್ಟೆ ಹಿಡಿದ.

“ನಾನು ಲೈನ್ ಕ್ಲಿಯರ್ ಕೇಳೇ ಇಲ್ಲ” ಎಂದಿತು ಆ ಕಡೆಯ ದನಿ, ನಿಧಾನವಾಗಿ. “ಕೇಳೋ ಮೊದಲೇ ಕೊಟ್ರಾ?”

ಮಧುಕರ ಉಮೈರ್ ಕೊಟ್ಟ ಚೀಟಿಯನ್ನು ತಿರುಗಿಸಿ ನೋಡಿದ.

“ಕೊಟ್ಟಮೇಲೆ ಬಿಡಲೇಬೇಕು. ಒಳ್ಳೇದಾಯ್ತು ಚಲುವಯ್ಯನೋರೇ. ಆ ಒಂದು ಗಾಡಿ ದಾರೀಲಿ ಅಡ್ಡ ಇತ್ತು ಅಂತ ಇಲ್ಲಿರೋ ಈ ಗಾಡೀನ ನಿಲ್ಲಿಸಿಕೊಂಡೇ ಇದ್ದೆ. ಪಾಪ, ಹತ್ತಿ ಕೂತಿರೋ ಜನ ಎಷ್ಟು ವರ್ಷದಿಂದ ಕೂತಿದಾರೆ. ನಮ್ಮ ಅಂಜಿನಮ್ಮನೂ ಹತ್ತಿದಾಳೆ, ಅವಳದು ಎರಡು ವರ್ಷ ಆಯ್ತು. ಕಿಟಕಿ ಪಕ್ಕ ಸಿಕ್ಕಿದೆ.”

ಫೋನ್ ಇಡುವ ಸದ್ದು. ಮುಂದಿನ ಕೋಣೆಯಲ್ಲಿ ಕುರ್ಚಿ ಸರಿಯಿತು. ಬಾಗಿಲು ತೆರೆಯಿತು. ಸಣ್ಣಗೆ ಒಂದು ಪೀಪಿ.

“ಏನ್ ಮಾಡ್ದೆ ನೀನು” ಎಂದ ಉಮೈರ್, ಪಿಸುದನಿಯಲ್ಲಿ. “ಲೈನ್ ಕ್ಲಿಯರ್ ಅಂದ್ರೆ ದಾರಿ ಖಾಲಿ ಅಂತಷ್ಟೇ ಅಲ್ವೋ. ‘ನನ್ನ ಕಡೆಗೆ ಗಾಡಿ ಬಿಡು, ನಾನು ತಗೋತೀನಿ’ ಅಂತ ಅರ್ಥ. ಸ್ಟೇಷನ್ ಮಾಸ್ಟರ್ ಬಾಯಲ್ಲಿ ಆ ಮಾತು ಒಂದು ಹುಕುಂ.”

“ಹೊರಗೆ ಎಲ್ಲಾರೂ ಅಂತಾರಲ್ಲ ಗುರು.”

“ಹೊರಗಿನೋರು ಅಂತಾರೆ. ಇವರು ಒಳಗಿನೋರು.”

ಭಾಗ್ಯಲಕ್ಷ್ಮಿ ಓಡಿ ಬಂದಳು.

“ಅಪ್ಪ ಎದ್ದು, ಬಾಗಿಲಲ್ಲಿ ನಿಂತು ಹಸಿರು ಬಾವುಟ ತೋರಿಸಿದ್ರು. ಖಾಲಿ ಬೀದಿಗೆ. ಅಮ್ಮನ ಹೆಸರು ಹೇಳಿ ಕೈ ಬೀಸಿದ್ರು. ಈಗ ಮತ್ತೆ ಕೂತಿದಾರೆ. ಈ ಗಾಡಿ ತಲುಪಿದ ಸುದ್ದಿ ಬಂದ್ರೆ ತಕ್ಷಣ ಬರ್ತೀನಿ ಅಂತಾರೆ. ಕ್ಯಾಬು ಬಂದು ನಿಂತಿದೆ ಸಾರ್.”

ಮಧುಕರ ತಾನೇ ಹಿಡಿ ತಿರುಗಿಸಿದ. “ಹ್ಞಂ. ಗಾಡಿ ಬಂತು ಅಂಜನಮೂರ್ತಿ, ಪೂರ್ತಿ ಬಂತು.”

ಮುದುಕರು ನಕ್ಕರು. “ಬಿಟ್ಟು ಎರಡು ನಿಮಿಷ ಆಗಿಲ್ಲ. ಹನ್ನೆರಡು ಮೈಲಿ ಇದೆ. ನಶ್ಯ ಜಾಸ್ತಿ ಆಯ್ತಾ? ನಾಲ್ಕು ಗಂಟೆಗೆ ಬರತ್ತೆ. ಬಂದಾಗ ಕೊನೇ ಡಬ್ಬಿ ಹಿಂದೆ ಹಲಗೆ ತೂಗ್ತಿದೆಯಾ ನೋಡಿ ಹೇಳಿ. ಅದನ್ನ ನೋಡದೆ ‘ಪೂರ್ತಿ’ ಅನ್ನೋ ಮಾತು ಯಾವ ಮಾಸ್ಟರೂ ಆಡಬಾರದು. ನೀವೇ ಕಲಿಸಿದ್ದು ನನಗೆ.”

ಹಲಗೆ ಎಂದರೆ ಏನೆಂದು ಮಧುಕರನಿಗೂ ಗೊತ್ತಿತ್ತು. ಕೊನೇ ಡಬ್ಬಿಯ ಬೆನ್ನಿಗೆ ನೇತುಹಾಕುವ ಗುರುತು. ಅದು ಕಂಡರೆ ಗಾಡಿ ಇಡಿಯಾಗಿ ಬಂದಿದೆ, ಹಿಂದೆ ದಾರಿಯಲ್ಲಿ ಒಂದು ಡಬ್ಬಿಯೂ ಕಳಚಿ ಉಳಿದಿಲ್ಲ ಎಂದು ಅರ್ಥ.

ಬೇರೆ ದಾರಿ ಇರಲಿಲ್ಲ. ನಾಲ್ಕರವರೆಗೆ ಕಾಯುವುದು, ಸುಮ್ಮನೆ ಇನ್ನೊಂದು ಸಲ ಹೇಳುವುದು, ಐದರೊಳಗೆ ಆಸ್ಪತ್ರೆ. ಭಾಗ್ಯಲಕ್ಷ್ಮಿ ಅಪ್ಪನ ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಕೋಣೆಯಲ್ಲಿ ಕೂತಳು. ಉಮೈರ್ ಅಡುಗೆಮನೆಯ ನೆಲದ ಮೇಲೆ ಕೂತ. ಮಧುಕರ ಒಂದೆರಡು ಶ್ಲೇಷೆ ಪ್ರಯತ್ನಿಸಿದ. ಅವು ಬಾಯಿಂದ ಹೊರಟು ಎಲ್ಲಿಗೂ ತಲುಪಲಿಲ್ಲ.

ನಾಲ್ಕರ ಹೊತ್ತಿಗೆ ಓಣಿಯ ನಡುವೆ ಮಲಗಿದ್ದ ಎರಡು ನಾಯಿಗಳು ಎದ್ದವು. ಬೊಗಳಲಿಲ್ಲ. ಒಂದು ಈ ಗೋಡೆಗೆ, ಒಂದು ಆ ಗೋಡೆಗೆ ಸರಿದು, ಬೆನ್ನೊತ್ತಿ ನಿಂತು, ನಡುವಿನ ಜಾಗ ಬಿಟ್ಟುಕೊಟ್ಟವು. ಶೆಲ್ಫಿನಲ್ಲಿ ಸ್ಟೀಲ್ ಲೋಟಗಳು ಒಂದನ್ನೊಂದು ಮುಟ್ಟಿ ಸಣ್ಣಗೆ ಗುಣುಗಿದವು.

“ಮೆಟ್ರೋ ಕೆಲ್ಸ ಇರ್ಬೇಕು” ಎಂದ ಮಧುಕರ.

“ಈ ಕಡೆ ಎಲ್ಲಿದೆ ಮೆಟ್ರೋ” ಎಂದ ಉಮೈರ್.

ಆಮೇಲೆ ವಾಸನೆ ಬಂತು. ಕಲ್ಲಿದ್ದಲ ಹೊಗೆ, ಬಿಸಿ ಎಣ್ಣೆ, ಅವುಗಳ ಜೊತೆ ಬುಟ್ಟಿಯಲ್ಲಿ ಹಣ್ಣಾದ ಸೀಬೆ. ಮಧುಕರ ಕಿಟಕಿಗೆ ಬಂದ. ಮಾಳಿಗೆ ದಾಟಿ ಬಂದ ಇಳಿಬಿಸಿಲು ಎದುರಿನ ಬಿಳೀ ಗೋಡೆಯ ಮೇಲೆ ಬಿದ್ದಿತ್ತು. ಓಣಿಯ ನಡುವೆ ಏನೂ ಇರಲಿಲ್ಲ. ಗೋಡೆಯ ಮೇಲೆ ಮಾತ್ರ ಒಂದು ನೆರಳು ಬಲಗಡೆಯಿಂದ ನುಗ್ಗಿ ಬಂತು. ಗಿಡ್ಡನೆ ಎಂಜಿನ್ನು, ಉದ್ದನೆ ಹೊಗೆಗೊಳವೆ. ಹಿಂದೆ ಡಬ್ಬಿ. ಡಬ್ಬಿಯ ನೆರಳಿನ ನಡುನಡುವೆ ಕಿಟಕಿಯಾಕಾರದ ಬಿಸಿಲ ತುಂಡುಗಳು, ಪ್ರತಿ ತುಂಡಿನಲ್ಲೂ ಒಂದೊಂದು ತಲೆ.

ಸದ್ದಿರಲಿಲ್ಲ. ಬದುಕಿಡೀ ರೈಲಿನ ಸದ್ದನ್ನೇ ಮಾಡಿಕೊಂಡು ಬಂದವನು ಆ ಮೌನಕ್ಕೆ ಕಿವಿಗೊಟ್ಟು ನಿಂತ.

“ಉಮೈರ್” ಎಂದ.

ಉಮೈರ್ ಎದ್ದು ಬಂದು ಪಕ್ಕದಲ್ಲಿ ನಿಂತ. ಗೋಡೆಯನ್ನು ನೋಡಿದ, ಮಧುಕರನನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ. “ಏನು?”

“ಕಾಣ್ತಿಲ್ವಾ?”

“ಗೋಡೆ ಕಾಣ್ತಿದೆ.” ಅವನ ದನಿಯಲ್ಲಿ ಆಸೆ ಹಣಕಿತು. ಇಪ್ಪತ್ತು ವರ್ಷ ಆ ಲೈನಿನ ಒಂದೊಂದು ಮೊಳೆಯನ್ನೂ ಹುಡುಕಿ ಜೋಪಾನ ಮಾಡಿದವನು ಅವನು. “ಏನ್ ಕಾಣ್ತಿದೆ ಹೇಳೋ.”

ಮಧುಕರ ಗೋಡೆಯಿಂದ ಕಣ್ಣು ಕೀಳದೆ ನೋಡುತ್ತಿದ್ದ. ಮೊದಲ ಡಬ್ಬಿಗಳಲ್ಲಿ ರುಮಾಲು ಸುತ್ತಿದ ತಲೆಗಳು, ಗಾಂಧಿ ಟೋಪಿ, ಸೆರಗು ಹೊದ್ದ ತಲೆಗಳು. ನೋಡನೋಡುತ್ತ ತಲೆಗಳು ಬದಲಾದವು. ಕ್ರಾಪು, ಎರಡು ಜಡೆ, ಕನ್ನಡಕದ ದಪ್ಪ ಅಂಚು. ಇನ್ನೂ ಹಿಂದೆ, ಕಿವಿಗೆ ಮೊಬೈಲ್ ಒತ್ತಿಕೊಂಡ ಕೈಗಳು, ಬೆನ್ನಿಗೆ ಆಫೀಸು ಚೀಲ, ಹೆಲ್ಮೆಟ್ಟು ತೆಗೆಯದೆಯೇ ಕೂತ ಒಬ್ಬ. ಮುಚ್ಚಿದ ಲೈನಿಗೆ ಇಷ್ಟು ವರ್ಷವೂ ಜನ ಬಂದು ಹತ್ತುತ್ತಲೇ ಇದ್ದರು. ಒಂದು ಕಿಟಕಿಯಲ್ಲಿ ತುರುಬು ಕಟ್ಟಿದ ತಲೆಯೊಂದು ಮನೆಯ ಕಡೆ ತಿರುಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ದಾಟಿಹೋಯಿತು.

ಫೋನಿನ ಗಂಟೆ ಹೊಡೆಯಿತು. ನಾಲ್ಕೂ ಐದು.

“ಮಾವಿನಕುಂಟೆ. ಬಂತಾ ಚಲುವಯ್ಯನೋರೇ?”

ಮಧುಕರ ಬಾಯಿ ತೆರೆದ. ತನ್ನ ದನಿಯಲ್ಲಿ ‘ಸಾರ್’ ಅನ್ನಬೇಕೆಂದುಕೊಂಡಿದ್ದ. ‘ಹ್ಞಂ’ ಬಂತು.

“ಹ್ಞಂ. ಬರ್ತಿದೆ.”

“ಬರ್ತಿದೆ ಅಂದ್ರೆ? ಕೊನೇ ಡಬ್ಬಿ?”

ಗೋಡೆಯ ಮೇಲೆ ಡಬ್ಬಿಗಳು ಹೋಗುತ್ತಲೇ ಇದ್ದವು. ಬಲತುದಿಯಲ್ಲಿ, ಕಣ್ಣು ಮುಟ್ಟುವವರೆಗೂ, ಇನ್ನೂ ಡಬ್ಬಿ.

ಭಾಗ್ಯಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಚೀಲವನ್ನು ಎದೆಗವಚಿಕೊಂಡು ಅವನ ಬಾಯನ್ನೇ ನೋಡಿದಳು. ಆಸ್ಪತ್ರೆಗೆ ಹೋಗಲು ಮುಕ್ಕಾಲು ಗಂಟೆ ಬೇಕು. ಇನ್ನು ಐದು ನಿಮಿಷ ಕಳೆದರೆ ಅವಳು ಬಂದದ್ದೂ ವ್ಯರ್ಥ, ಇವರು ಬಂದದ್ದೂ ವ್ಯರ್ಥ.

ಬೇರೆಯವರ ದನಿಯಲ್ಲಿ ಸುಳ್ಳು ಹೇಳುವುದು ಮಧುಕರನ ಕಸುಬು. ಹುಳಿಯಿಲ್ಲದ ಉಪ್ಪಿನಕಾಯಿಗೆ ಬಾಯಿ ಚಪ್ಪರಿಸಿದ್ದ, ಕಾಣದ ಸೈಟಿಗೆ ‘ಆಹಾ’ ಅಂದಿದ್ದ.

“ಬಂತು” ಎಂದ. “ನಾಲ್ಕೂ ಐದಕ್ಕೆ. ಪೂರ್ತಿ.”

“ಹಲಗೆ ನೋಡಿದ್ರಾ?”

“ನೋಡಿದೆ.”

ಪೆನ್ನಿನ ಸದ್ದು. “ನೋಡಿ ಹೇಳಿದ್ರೆ ಸರಿ. ಬರ್ಕೊಂಡೆ. ನನ್ನದು ಇಲ್ಲಿಗೆ ಮುಗೀತು. ಇನ್ನು ಆ ಕಡೇದೆಲ್ಲ ನಿಮ್ಮದು ಸಾರ್.”

ಫೋನಿಟ್ಟರು. ಮುಂದಿನ ಕೋಣೆಯಲ್ಲಿ ಕೋಲು ಊರುವ ಸದ್ದು, ಹೊಸ್ತಿಲು ದಾಟುವ ಸದ್ದು. ಎರಡು ವರ್ಷದಲ್ಲಿ ಮೊದಲ ಸಲ ದಾಟಿದ ಹೊಸ್ತಿಲು. “ಅಮ್ಮ ಊರು ಸೇರಿದಳಂತೆ ಕಣೇ ಭಾಗ್ಯ” ಎನ್ನುವುದು ಕೇಳಿಸಿತು. “ಹೂಂ ಅಪ್ಪಾಜಿ, ಹುಷಾರು, ಮೆಟ್ಟಿಲು.” ಕಾರಿನ ಬಾಗಿಲು ಮುಚ್ಚಿತು.

ಉಮೈರ್ ಅವರನ್ನು ಹತ್ತಿಸಿ ಓಡಿಬಂದ. ಖುಷಿಯಿಂದ ಅವನ ಉಸಿರು ಹತ್ತುತ್ತಿತ್ತು. “ಹೋದ್ರು ಕಣೋ. ತಾವಾಗೇ ನಡ್ಕೊಂಡು ಹೋದ್ರು. ಭಾಗ್ಯಕ್ಕ ಅಳ್ತಿದ್ರು. ನಿನ್ನ ನಾಲಿಗೆಗೆ ಒಂದು ದಿನಾನಾದ್ರೂ ಒಳ್ಳೇ ಕೆಲ್ಸ ಸಿಕ್ತಲ್ಲ. ಬಾ, ಹಲಸೂರಲ್ಲಿ ಬಿರಿಯಾನಿ ನನ್ನದು.”

ಮಧುಕರ ಕಿಟಕಿ ಬಿಟ್ಟು ತಿರುಗಲಿಲ್ಲ.

“ಬಾರೋ.”

“ಹ್ಞಂ. ನೀವು ಹೊರಡಿ” ಎಂದ ಮಧುಕರ. “ಕೊನೇ ಡಬ್ಬಿ ಇನ್ನೂ ಬಂದಿಲ್ಲ.”

ಉಮೈರ್ ನಕ್ಕ. ಸಂಘ ಸೇರಿದ ಮೇಲೆ ಅವನ ಮಾತಿಗೆ ಉಮೈರ್ ನಕ್ಕಿದ್ದು ಅದೇ ಮೊದಲು.

“ಸಾಕು ನಿಲ್ಲಿಸೋ ಮಗಾ. ಮುದುಕರು ಹೋಗಿಯಾಯ್ತು, ಇನ್ಯಾರಿಗೆ ಮಾಡ್ತೀಯಾ” ಎಂದು ಅವನ ಬೆನ್ನು ತಟ್ಟಿ, ಫೋನುಗಳ ತಂತಿಯನ್ನು ಕಿತ್ತು ಸುತ್ತಿಕೊಂಡು, ಸ್ಕೂಟರ್ ತಿರುಗಿಸಲು ಹೊರಗೆ ಹೋದ.

ಎದುರಿನ ಗೋಡೆಯ ಬಿಸಿಲು ಹಳದಿಗೆ ತಿರುಗುತ್ತಿತ್ತು. ನಾಯಿಗಳು ಇನ್ನೂ ಬೆನ್ನೊತ್ತಿ ನಿಂತಿದ್ದವು. ಹೊರಗೆ ಎರಡು ಸಲ ಹಾರನ್ ಕೇಳಿಸಿತು. ಮಧುಕರ ಕಿಟಕಿಯ ಸರಳು ಹಿಡಿದು, ಕಣ್ಣು ಮಿಟುಕಿಸದೆ, ಬಲಗಡೆ ನೋಡುತ್ತ ನಿಂತ.